ಚಿನ್ನದ ಗುಂಡಿಗೆ ಬಿದ್ದ ಅಕ್ಕ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿತ್ತು. ಅಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರ್. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ ಒಂದು ಭಾನುವಾರ ಕೆಲಸಗಾರರ ಲೈನ್ ಮನೆಗಳವರೆಲ್ಲ ಸೇರಿ ಚಿನ್ನದ ಗುಡ್ಡಕ್ಕೆ ನಡೆದುಹೋದೆವು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಚಿನ್ನಕ್ಕಾಗಿ ಅಗೆದು, ಗುಂಡಿಗಳನ್ನು ಹಾಗೆಯೇ ಬಿಟ್ಟು ಹೋಗಿದ್ದರಂತೆ.

ಮಳೆ ಬಿದ್ದು ಕಾಫಿ ಹೂವು ಅರಳಿತ್ತು. ದಾರಿಯುದ್ದಕ್ಕೂ ಮಲ್ಲಿಗೆಯಂಥ ಘಮ, ಜೇನುಹುಳಗಳ ಗುಂಯ್ ಎನ್ನುವ ಸದ್ದು. ಅಮ್ಮನ ಬುಟ್ಟಿಯಲ್ಲಿ ಅಕ್ಕಿರೊಟ್ಟಿ, ಎಳ್ಳಿನ ಚಟ್ನಿ. ಮುಂದೆ ಯಾರೋ ತಮಿಳಿನಲ್ಲಿ ಹಾಡಿದರೆ ಹಿಂದಿನಿಂದ ಮಲಯಾಳದಲ್ಲಿ ತಮಾಷೆ ಮಾಡುತ್ತಿದ್ದರು. ಪಕ್ಕದ ಮನೆಯ ಅತ್ತೆ ಮಾತ್ರ ನಮ್ಮಿಂದ ದೂರವೇ ನಡೆಯುತ್ತಿದ್ದರು. ನಲ್ಲಿ ನೀರಿಗೆ ಜಗಳವಾಗಿ ಅಮ್ಮನಿಗೂ ಅವರಿಗೂ ಮಾತು ನಿಂತುಹೋಗಿತ್ತು.

ಗುಡ್ಡದ ಮಣ್ಣಿನಲ್ಲಿ ಕಾಗೆಬಂಗಾರದ ಚೂರುಗಳು ಮಿನುಗುತ್ತಿದ್ದವು. "ಚಿನ್ನ ಕಣೋ!" ಎಂದು ಅಕ್ಕ ಓಡಿದಳು. ಜರಿಗಿಡಗಳ ನಡುವೆ ಕಾಲಿಟ್ಟವಳು ಮರುಕ್ಷಣ ಕಾಣಲಿಲ್ಲ. ಗಿಡಗಳ ಕೆಳಗೆ ಹಳೆಯ ಗುಂಡಿಯೊಂದು ಬಾಯಿ ತೆರೆದುಕೊಂಡಿತ್ತು.

ನಾನು ಕಿರುಚಿದೆ. ಎಲ್ಲರೂ ಓಡಿಬಂದರು. ಅಪ್ಪ ಇಳಿಯಲು ಹೋದಾಗ ಅಂಚಿನ ಮಣ್ಣು ಜರಿಯಿತು. ಇಬ್ಬರು ಅವರನ್ನು ಹಿಂದಕ್ಕೆ ಎಳೆದುಕೊಂಡರು. ಕೆಳಗಿನಿಂದ ಅಕ್ಕನ ದನಿ ಬಂತು: "ಅಪ್ಪಾ, ಇಲ್ಲಿ ನೀರದೆ! ಕಾಲು ಹೂತೋಗ್ತಾ ಅದೆ!"

ಹಗ್ಗ ತರೋಣವೆಂದರೆ ಎಸ್ಟೇಟ್ ದೂರ. ಎಲ್ಲರೂ ಏನೂ ತೋಚದೆ ನಿಂತಿದ್ದಾಗ ಪಕ್ಕದ ಮನೆಯ ಅತ್ತೆ ಮರದ ಮರೆಗೆ ಹೋದರು. ಅಂದೇ ಉಟ್ಟಿದ್ದ ಹೊಸ ಸೀರೆ ಬಿಚ್ಚಿ, ಊಟಕ್ಕೆ ಹಾಸಲು ತಂದಿದ್ದ ಜಮಖಾನ ಸುತ್ತಿಕೊಂಡು ಬಂದು, ಸೀರೆಯನ್ನು ಅಪ್ಪನ ಕೈಗಿಟ್ಟರು.

"ಹಿಡೀರಿ ಸಾರ್, ಸುಮ್ನೆ ನಿಂತ್ಕೋಬೇಡಿ." ಅಪ್ಪ ಸೀರೆಯ ತುದಿಯನ್ನು ಕೆಳಗೆ ಬಿಡುತ್ತಲೇ ಅತ್ತೆ ಗುಂಡಿಯೊಳಕ್ಕೆ ಕೂಗಿದರು: "ಪಾಪು, ಸೊಂಟಕ್ಕೆ ಬಿಗಿಯಾಗಿ ಕಟ್ಕೋ!"

ಗಂಡಸರೆಲ್ಲ ಸೇರಿ ಎಳೆದರು. ಸೀರೆ ಪರ್ ಎಂದಿತು. ಕೊನೆಗೆ ಕೆಸರು ಮೆತ್ತಿದ ಎರಡು ಕೈಗಳು ಮೇಲೆ ಬಂದವು, ಆಮೇಲೆ ಅಕ್ಕ ಬಂದಳು.

ಅಮ್ಮ ಅವಳನ್ನು ತಬ್ಬಿಕೊಂಡಳು. ಆಮೇಲೆ ಅತ್ತೆಯ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

"ಅಳ್ಬೇಡಿ ಅಕ್ಕ, ಸೀರೆ ತಾನೆ. ಮೊದ್ಲು ಮಗೂಗೆ ಏನಾದ್ರೂ ತಿನ್ಸಿ" ಎಂದರು ಅತ್ತೆ.

ಅಕ್ಕ ನಡುಗುತ್ತಲೇ ನನ್ನ ಪಾಲಿನ ರೊಟ್ಟಿಯನ್ನೂ ತಿಂದಳು. ನಾನು ಎಳ್ಳಿನ ಚಟ್ನಿಯನ್ನೂ ಅವಳತ್ತ ಸರಿಸಿದೆ.

ಮಕ್ಕಳೇ, ಈಗ ಆ ಗುಡ್ಡಕ್ಕೆ ನೀವು ಜೀಪಿನಲ್ಲಿ ಹೋಗುತ್ತೀರಿ. ಗುಂಡಿಗಳ ಸುತ್ತ ತಂತಿಬೇಲಿ ಇದೆ, ಏನಾದರೂ ಆದರೆ ಕರೆಯಲು ಕೈಯಲ್ಲಿ ಫೋನಿದೆ. ನನಗೂ ಅದು ಸಮಾಧಾನವೇ. ನಮಗೆ ಇದ್ದದ್ದು ಜೊತೆಯಲ್ಲಿ ನಡೆದು ಬಂದವರು ಮಾತ್ರ. ರಜೆಯಲ್ಲಿ ಬಂದು ನಿಮ್ಮ ತಲೆಗೆ ಎಣ್ಣೆ ತಿಕ್ಕುವ, ಚೌಕಾಬಾರದಲ್ಲಿ ನಿಮಗೇ ಮೋಸ ಮಾಡಿ ನಗುವ ದೊಡ್ಡಜ್ಜಿಯನ್ನು, ಅಂದರೆ ನನ್ನ ಅಕ್ಕನನ್ನು, ನಿಮಗೆ ಕೊಟ್ಟವರು ಅವರೇ.