ಬಾಯಿ ಬಿಡಿಸಿದ ಚಿಲುಮೆ

ನಮ್ಮ ಚಿಕ್ಕಪ್ಪನನ್ನು ಯಾರಾದರೂ ಉತ್ಸಾಹದ ಚಿಲುಮೆ ಎಂದು ಹೊಗಳಿದರೆ ಚಿಕ್ಕಮ್ಮ ತಕ್ಷಣ ತಿದ್ದುತ್ತಿದ್ದಳು: "ಉತ್ಸಾಹ ಗಿತ್ಸಾಹ ಏನಿಲ್ಲ. ಬರೀ ಚಿಲುಮೆ."

ಮಾತು ಸುಳ್ಳಲ್ಲ. ಚಿಲುಮೆ ಮಾಡುವುದು ಅವನ ಕಸುಬು, ಸೇದುವುದು ಅವನ ಚಟ. ಬಗೆಬಗೆಯ ಉಳಿಗಳಿದ್ದವು ಅವನ ಬಳಿ. ಈ ಎರಡರ ನಡುವೆ ಗೆರೆ ಕೊರೆಯುವ ಉಳಿ ಮಾತ್ರ ಇರಲಿಲ್ಲ.

ಅಂಗಡಿ ಚಿಕ್ಕದು. ಎಡಗೋಡೆಯ ಹಲಗೆಯ ಮೇಲೆ ಅವನು ಬಳಪದ ಕಲ್ಲಿನಲ್ಲಿ ಕೆತ್ತಿದ ಬೆರಳುದ್ದದ ಚಿಲುಮೆಗಳು. ಬಲಗೋಡೆಯ ಮೇಲೆ ಚಿಕ್ಕಮ್ಮ ಮಣ್ಣಿನಲ್ಲಿ ಮಾಡಿ ಸುಟ್ಟವು. ಅವಳು ಚಿಲುಮೆ ಮಾಡುವ ಕುಂಬಾರನ ಮಗಳು. ಮದುವೆಯಾದ ಮೂವತ್ತು ವರ್ಷವೂ ಇಬ್ಬರದೂ ಒಂದೇ ಜಗಳ.

"ನಿನ್ನ ಮಾಲು ಕೈಜಾರಿದ್ರೆ ಮಣ್ಣುಪಾಲು ಕಣೇ."

"ನಿಮ್ಮದು ಕಾಲ ಮೇಲೆ ಜಾರಿದ್ರೆ ಆಸ್ಪತ್ರೆ ಪಾಲು."

ಆದರೆ ಕಲ್ಲಾಗಲಿ ಮಣ್ಣಾಗಲಿ, ಅಂಗಡಿಯಿಂದ ಹೊರಡುವ ಪ್ರತಿ ಚಿಲುಮೆಗೂ ಚಿಕ್ಕಪ್ಪನ ಪರೀಕ್ಷೆ ಆಗಲೇಬೇಕು. ತಳಕ್ಕೆ ಒಂದು ಹರಳುಕಲ್ಲು ಹಾಕುತ್ತಿದ್ದ, ತಂಬಾಕು ಬಾಯಿಗೆ ಉದುರದಿರಲಿ ಎಂದು. ಮೇಲೆ ಚಿಟಿಕೆ ತಂಬಾಕು, ಅದರ ಮೇಲೆ ಕೆಂಡದ ಚೂರು. ಆಮೇಲೆ ಕಣ್ಣು ಮುಚ್ಚಿ ನಾಲ್ಕು ದಮ್ಮು. ಇದಕ್ಕೆ ಅವನು ಇಟ್ಟ ಹೆಸರು 'ಬಾಯಿ ಬಿಡಿಸುವುದು'.

"ಒಳದಾರಿ ಸಲೀಸಾಗಿದೆಯಾ, ಎಲ್ಲಾದ್ರೂ ಬಿರುಕಿದೆಯಾ, ಅದೆಲ್ಲ ಹೊಗೆಗೆ ಮಾತ್ರ ಗೊತ್ತಾಗೋದು" ಎಂದು ಗಿರಾಕಿಗಳಿಗೆ ಬೋಧಿಸುತ್ತಿದ್ದ. ಅವರು ತಲೆಯಾಡಿಸಿ, ಬೇರೊಬ್ಬರು ಎಂಜಲು ಮಾಡಿದ ಮಾಲನ್ನು ಹೆಮ್ಮೆಯಿಂದ ಕೊಂಡೊಯ್ಯುತ್ತಿದ್ದರು.

ಮನೆ ಅಂಗಡಿಯ ಮೇಲೆ. ನಡುವೆ ಹದಿನಾಲ್ಕು ಮೆಟ್ಟಿಲು. ಒಂದು ದಿನ ಚಿಕ್ಕಪ್ಪ ಏಳನೇ ಮೆಟ್ಟಿಲ ಮೇಲೆ ಕೂತ. ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೇನೆ ಅಂದ. ಮಾರನೆಯ ದಿನವೂ ಚಪ್ಪಲಿ ಕೆಟ್ಟಿತು. ಬರಿಗಾಲಲ್ಲಿ ಹತ್ತಿದ ದಿನವೂ ಕೆಟ್ಟಾಗ ಚಿಕ್ಕಮ್ಮ ಅವನನ್ನು ಡಾಕ್ಟರ ಬಳಿಗೆ ಎಳೆದೊಯ್ದಳು. ಡಾಕ್ಟರು ಬೆನ್ನಿಗೆ ಕಿವಿಕೊಟ್ಟು ಬಹಳ ಹೊತ್ತು ಕೇಳಿದರು. "ನೀವು ತಂಬಾಕು ಬಿಡಿ. ಇಲ್ಲಾಂದ್ರೆ ಉಸಿರು ನಿಮ್ಮನ್ನ ಬಿಡತ್ತೆ. ಹೀಗೇ ನಡೆದ್ರೆ ಹೆಚ್ಚೆಂದ್ರೆ ಎರಡು ವರ್ಷ."

"ಇವತ್ತಿಂದ ಸೇದಲ್ಲ" ಎಂದು ಚಿಕ್ಕಪ್ಪ ಅಲ್ಲೇ ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಸೇದುವುದನ್ನು ಬಿಟ್ಟ. ಪರೀಕ್ಷೆ ಮಾಡುವುದನ್ನು ಬಿಡುತ್ತೇನೆಂದು ಎಲ್ಲಿ ಹೇಳಿದ್ದ?

ಅಂದಿನಿಂದ ಅವನ ಕಾರ್ಯದಕ್ಷತೆ ಕಂಡು ಬೀದಿಯೇ ಬೆರಗಾಯಿತು. ದಿನಕ್ಕೆ ಆರು ಚಿಲುಮೆ ಕೆತ್ತುತ್ತಿದ್ದವನು ಹದಿನೈದು ಕೆತ್ತಿದ. ಹೆಂಡತಿಯ ಆವಿಗೆಯ ಗೂಡು ಆರುವ ಮೊದಲೇ "ನಿನ್ನವೂ ಕೊಡು, ಪಾಪ, ನಿನಗ್ಯಾಕೆ ತೊಂದರೆ" ಎಂದು ಬುಟ್ಟಿ ಸಮೇತ ಇಸಿದುಕೊಂಡ. ಒಮ್ಮೆಗೆ ಪಾಸಾಗುವ ಚಿಲುಮೆಗಳು ಕಡಿಮೆಯಾದವು. "ಇದು ಯಾಕೋ ಮೊಂಡು, ಬಾಯಿ ಬಿಡ್ತಿಲ್ಲ" ಎಂದು ಒಂದೊಂದನ್ನೂ ಮೂರು ಸಲ ಪರೀಕ್ಷೆಗೆ ಕೂರಿಸಿದ. ಕಾನ್ವೆಂಟಿನಲ್ಲಿ ನಮ್ಮ ಗಣಿತದ ಸಿಸ್ಟರು ಕೂಡ ಅಷ್ಟು ಮಕ್ಕಳನ್ನು ಫೇಲು ಮಾಡಿರಲಿಲ್ಲ.

ಚಿಕ್ಕಮ್ಮ ದಿನಾ ಅವನು ಹತ್ತುವ ಮೆಟ್ಟಿಲು ಎಣಿಸುತ್ತಿದ್ದಳು.

ಆಫೀಸು ಮುಗಿಸಿ ನಾನು ದಿನಾ ಅಲ್ಲಿಗೆ ಟೀಗೆ ಹೋಗುವವನು. ಒಂದು ಸಂಜೆ ನನ್ನೆದುರಿಗೇ ಅವಳು ಅಂದಳು: "ರೀ, ಏಳನೇ ಮೆಟ್ಟಿಲಿಂದ ಐದನೇದಕ್ಕೆ ಇಳಿದಿದೀರಿ. ನಾಳೆಯಿಂದ ಬಾಯಿ ಬಿಡಿಸೋ ಕೆಲಸ ನನ್ನದು."

"ನಿನ್ನದಾ? ನಿನಗೆ ಒಂದು ದಮ್ಮು ಎಳೆಯೋಕೆ ಬರತ್ತೇನೇ?"

"ಮೂವತ್ತು ವರ್ಷ ನಿಮ್ಮನ್ನೇ ಎಳೆದಿದೀನಿ. ಚಿಲುಮೆ ಯಾವ ಲೆಕ್ಕ?"

ಮರುದಿನದಿಂದ ಅವಳು ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತಳು. ಹೆಗಲ ಮೇಲಿಂದ ಹೊಗೆ ಏಳುತ್ತಿತ್ತು. ಅಪ್ಪಟ ತಂಬಾಕಿನ ಹೊಗೆ. ಚಿಕ್ಕಪ್ಪ ಮುಂದೆ ಕೂತು, ಉಳಿಯನ್ನು ಕಲ್ಲಿಗೆ ಮುಟ್ಟಿಸದೆ ಸುಮ್ಮನೆ ಆಡಿಸುತ್ತ, ಮೂಗನ್ನು ಮಾತ್ರ ದುಡಿಸುತ್ತಿದ್ದ. ಎರಡು ದಿನ ಅವನ ಸಂಕಟವೆಲ್ಲ ಆ ಹೊಗೆ ತನ್ನದಲ್ಲವಲ್ಲ ಎಂದು. ಮೂರನೇ ದಿನ ಚಿಕ್ಕಮ್ಮ ಕೆಮ್ಮಿದಳು. ನಾಲ್ಕನೇ ದಿನ ಇನ್ನೂ ಆಳದಿಂದ. ವಾರ ಕಳೆಯುವಷ್ಟರಲ್ಲಿ ಆ ಕೆಮ್ಮಿಗೆ ಹಲಗೆಯ ಮೇಲಿನ ಚಿಲುಮೆಗಳು ಕಿಣಿಕಿಣಿ ಅನ್ನತೊಡಗಿದವು.

"ಕೇಳಿದೆಯೇನೋ?" ಎಂದು ಚಿಕ್ಕಪ್ಪ ನನ್ನ ತೋಳು ಹಿಡಿದ. "ಇವತ್ತು ಇಪ್ಪತ್ತೆರಡು ಸಲ. ನಿನ್ನೆ ಹದಿನೆಂಟು."

"ನೀನೇ ಹೇಳು ಚಿಕ್ಕಪ್ಪ, ನಿಲ್ಲಿಸು ಅಂತ."

"ಹೇಗೋ ಹೇಳಲಿ? ಹೊಗೆ ಇಲ್ಲದೆ ಪರೀಕ್ಷೆ ಇಲ್ಲ ಅಂತ ಊರಿಗೆಲ್ಲ ಸಾರಿದವನು ನಾನೇ ಅಲ್ವಾ?" ಎಂದ.

ಮರುದಿನ ಸಂಜೆ ಚಿಕ್ಕಮ್ಮ ಮೇಲೆ ಹೊರಟವಳು ಏಳನೇ ಮೆಟ್ಟಿಲ ಮೇಲೆ ಕೂತಳು. "ಚಪ್ಪಲಿ" ಅಂದಳು.

ಚಿಕ್ಕಪ್ಪನ ಮುಖ ಬಳಪದ ಕಲ್ಲಿನ ಬಣ್ಣಕ್ಕೆ ತಿರುಗಿತು. ಒಂದು ಚೊಂಬು ನೀರು, ಒಂದು ಹೊಸ ಚಿಲುಮೆ ಎತ್ತಿಕೊಂಡು ಮೆಟ್ಟಿಲ ಬುಡಕ್ಕೆ ಹೋಗಿ ನಿಂತ.

"ಇಲ್ಲಿ ನೋಡೇ. ಹೊಗೆ ಬೇಡ. ಬೇಡವೇ ಬೇಡ." ನೀರು ಹೊಯ್ದ. ಚಿಲುಮೆಯ ತುದಿಯಿಂದ ದಾರದಂತೆ ಒಂದೇ ಎಳೆ ಇಳಿಯಿತು. "ಎಳೆ ತುಂಡಾಗಲಿಲ್ಲ ಅಂದ್ರೆ ದಾರಿ ಸರಿ. ಮೈ ಬೆವರಲಿಲ್ಲ ಅಂದ್ರೆ ಬಿರುಕಿಲ್ಲ. ಇಷ್ಟೇ ಪರೀಕ್ಷೆ. ನಮ್ಮಪ್ಪ ಹೀಗೇ ಮಾಡ್ತಿದ್ದ. ಹೊಗೆ ಕತೆ ನಾನು ಕಟ್ಟಿದ್ದು. ಹಗಲೆಲ್ಲ ಸೇದೋಕೆ ಒಂದು ನೆಪ ಬೇಕಿತ್ತು. ಬಿಟ್ಬಿಡೇ, ದಮ್ಮಯ್ಯ. ನಿನ್ನ ಉಸಿರು ಕೆಟ್ಟರೆ ನಾನು ಯಾರ ಹತ್ತಿರ ಜಗಳ ಆಡಲಿ?"

ಚಿಕ್ಕಮ್ಮ ನಿಧಾನವಾಗಿ ಸೆರಗು ಕೊಡವಿಕೊಂಡು ಎದ್ದಳು. "ಗೊತ್ತು" ಅಂದಳು.

"ಏನು ಗೊತ್ತು?"

"ನೀರಿನ ವಿಷಯ. ಯಾರ ಮಗಳು ನಾನು? ನಮ್ಮಪ್ಪ ಜೀವಮಾನವಿಡೀ ಚಿಲುಮೆ ಮಾಡಿದ, ಒಂದು ಸಲಾನೂ ಬಾಯಿಗೆ ಇಟ್ಟವನಲ್ಲ. ಹಿತ್ತಲಲ್ಲಿ ಚೊಂಬು ಹಿಡ್ಕೊಂಡು ಅವನ್ನೆಲ್ಲ ಪರೀಕ್ಷೆ ಮಾಡ್ತಿದ್ದವಳು ನಾನೇ."

ಚಿಕ್ಕಪ್ಪ ಚೊಂಬನ್ನು ಕೆಳಗಿಟ್ಟ. ಮೂವತ್ತು ವರ್ಷ ಊರಿಗೆಲ್ಲ ಟೋಪಿ ಹಾಕಿದ ಮನುಷ್ಯ, ಹೆಂಡತಿಯ ತವರುಮನೆಯ ಕಸುಬನ್ನೇ ಮರೆತಿದ್ದ.

ಅವಳು ಹಿಂದಿನ ಕೋಣೆಗೆ ಹೋಗಿ ಒಂದು ವಸ್ತು ತಂದು ತೋರಿಸಿದಳು. ಹಳೇ ಕಾರಿನ ಹಾರ್ನಿಂದ ಕಿತ್ತ ರಬ್ಬರಿನ ಬುರುಡೆ. ಅದರ ಬಾಯಿಗೆ ಚಿಲುಮೆ ಸಿಕ್ಕಿಸಿ ಒಮ್ಮೆ ಅದುಮಿ ಬಿಟ್ಟರೆ ಹೊಗೆಯನ್ನು ಒಳಗೆಳೆಯುತ್ತಿತ್ತು, ಇನ್ನೊಮ್ಮೆ ಅದುಮಿದರೆ ಹೊರಗೆ ಬಿಡುತ್ತಿತ್ತು. ಅಷ್ಟೂ ದಿನ ಬಾಯಿ ಬಿಡಿಸಿದ್ದು ಆ ಬುರುಡೆ; ನಂಬಿದ್ದು ಈ ಬುರುಡೆ.

"ಮತ್ತೆ ಆ ಕೆಮ್ಮು?"

"ಅದು ನಿಮ್ಮದೇ. ಇಷ್ಟು ವರ್ಷದಿಂದ ಕೇಳ್ತಾ ಇದೀನಿ, ಬಾಯಿಪಾಠ ಆಗಿದೆ."

"ಗೊತ್ತಿದ್ದೂ ಯಾಕೇ ಸುಮ್ಮನಿದ್ದೆ?"

"ಮನೇಲೇ ಕೂತು ಒಂದೇ ಒಂದು ಸುಳ್ಳು ಹೇಳೋ ಗಂಡ ಎಷ್ಟು ಜನಕ್ಕೆ ಸಿಗ್ತಾನೆ? ಹೇಳ್ಕೊಳ್ಳಲಿ ಪಾಪ ಅಂತ ಬಿಟ್ಟಿದ್ದೆ. ಅದು ನಿಮ್ಮನ್ನೇ ಕರ್ಕೊಂಡು ಹೋಗತ್ತೆ ಅಂತ ಡಾಕ್ಟ್ರು ಹೇಳೋವರೆಗೂ ನನಗೂ ಹೊಳೀಲಿಲ್ಲ." ಈ ಕೊನೆಯ ಮಾತನ್ನು ಅವಳು ಗೋಡೆಗೆ ಹೇಳಿದಳು.

ಆಮೇಲಿನ ಒಂದು ತಿಂಗಳು ನಾನು ಟೀಗೆ ಬೇರೆ ಕಡೆ ಹೋದೆ. ತಂಬಾಕು ಬಿಟ್ಟ ಚಿಕ್ಕಪ್ಪ ಕಲ್ಲಿಗಿಂತ ಗಿರಾಕಿಗಳನ್ನೇ ಹೆಚ್ಚು ಕೆತ್ತುತ್ತಿದ್ದ. ಸುಮ್ಮನಿರಲಾರದ ಬೆರಳುಗಳು, ಖಾಲಿ ಬಾಯಿ. ನೋಡಿ ನೋಡಿ ಸಾಕಾಗಿ ಚಿಕ್ಕಮ್ಮ ಒಂದು ಮಣ್ಣಿನ ಚಿಲುಮೆ ಸುಟ್ಟುಕೊಟ್ಟಳು. ಅವಳು ಮಾಡಿದವುಗಳಲ್ಲೆಲ್ಲ ಚಂದದ್ದು. ಒಳಗೆ ತೂತು ಮಾತ್ರ ಇಲ್ಲ. ಬುರುಡೆಯನ್ನು ಅದರ ಹಳೇ ಹಾರ್ನಿಗೇ ಮತ್ತೆ ಸಿಕ್ಕಿಸಿ ಹಿಂದಿನ ಕೋಣೆಯಲ್ಲಿ ನೇತುಹಾಕಿಕೊಂಡಳು. ಚಿಕ್ಕಪ್ಪನ ಕೈ ಕೆಂಡದ ಕಡೆಗೆ ಹೋದರೆ ಅದು ಕೂಗುತ್ತಿತ್ತು.

ಈಗ ಅವನು ಕೂರುವುದು ಹನ್ನೊಂದನೇ ಮೆಟ್ಟಿಲ ಮೇಲೆ. ಅದೂ ನಿಜವಾಗಿ ಚಪ್ಪಲಿ ಕೆಟ್ಟಾಗ ಎಂದು ಅವನ ವಾದ.

ಮೊನ್ನೆ ಒಬ್ಬ ಗಿರಾಕಿ ಎರಡೂ ಹಲಗೆ ಬಿಟ್ಟು, ಚಿಕ್ಕಪ್ಪನ ಬಾಯಲ್ಲಿದ್ದ ಚಿಲುಮೆಯನ್ನೇ ಬೇಕೆಂದು ಹಟ ಹಿಡಿದ.

"ಇದು ಮಾರೋದಲ್ಲ ಸ್ವಾಮಿ, ಪರೀಕ್ಷೇಲಿ ಫೇಲಾಗಿದೆ" ಎಂದ ಚಿಕ್ಕಪ್ಪ. ಆಮೇಲೆ ದನಿ ತಗ್ಗಿಸಿ, "ಎಷ್ಟು ಎಳೆದ್ರೂ ಬಾಯಿ ಬಿಡಲ್ಲ. ಮಾಡಿದವಳ ಥರಾನೇ."

ಒಳಗಿನಿಂದ ಹಾರ್ನು ಪೋಂ ಎಂದಿತು.