ಚೆಲುವಯ್ಯ ಕೋಲು ಹಿಡಿದ ದಿನ

ಬೆಟ್ಟದಪುರದ ಓಲಗದ ಮನೆಯ ಚೆಲುವಯ್ಯನಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ: ಬ್ಯಾಂಡಿನ ಮುಂದೆ ನಿಂತು ಗೇಣುದ್ದದ ಆ ಕೋಲು ಹಿಡಿಯುವುದು. ಗದ್ದೆ ಕೇಳಲಿಲ್ಲ, ಹೆಂಚಿನ ಮನೆ ಕೇಳಲಿಲ್ಲ, ಪಾಪ. ಕೇಳಿದ್ದು ಒಂದು ತುಂಡು ಕಡ್ಡಿ, ಅದೂ ದಕ್ಕಲಿಲ್ಲ.

ಆಸೆ ಹಚ್ಚಿದವರು ಎಸ್ತೆಬಾನ್ ಸಾಹೇಬರು. ಸ್ಪೇನ್ ದೇಶದವರು. ಹನ್ನೆರಡರ ವಯಸ್ಸಿಗೆ ಕಾಫಿ ಅಂಗಡಿಯಲ್ಲಿ ಪಿಟೀಲು ನುಡಿಸುತ್ತಿದ್ದವರು, ಮೂವತ್ತಕ್ಕೆಲ್ಲ ಬಾರ್ಸಿಲೋನಾದ ನಾಟಕಶಾಲೆಯಲ್ಲಿ ಅರವತ್ತು ವಾದ್ಯಗಾರರನ್ನು ಕೋಲು ಬೀಸಿ ನಡೆಸುವ ಕಂಡಕ್ಟರಾದರು. ತಿರುಗಾಟದ ಕಂಪನಿಯೊಂದರ ಜೊತೆ ಹಡಗು ಹತ್ತಿ, ಬೊಂಬಾಯಿಯಲ್ಲಿ ಕಂಪನಿ ಮುಳುಗಿ, ಕೊನೆಗೆ ಮೈಸೂರಿನ ಸಿರಿವಂತರೊಬ್ಬರು ಕಟ್ಟಿದ ಬ್ಯಾಂಡಿಗೆ ಮಾಸ್ತರಾಗಿ ಬಂದರು. ಅಲ್ಲಿ ಚೆಲುವಯ್ಯ ಕ್ಲಾರಿನೆಟ್ ಊದುತ್ತಿದ್ದ. "ನಮ್ಮ ದೇಶದ ದೊಡ್ಡ ಕಂಡಕ್ಟರುಗಳು ಎಷ್ಟೋ ಜನ ಹಿಂದಿನ ಸಾಲಿನಿಂದ ಎದ್ದು ಬಂದವರು. ನೀನೂ ಬರ್ತೀಯ" ಎಂದು ಹರಕು ಕನ್ನಡದಲ್ಲಿ ಹೇಳಿ, ಒಂಬತ್ತು ವರ್ಷ ಕಲಿಸಿದರು. ಕೈ ಎದೆಯ ಮಟ್ಟ ಮೀರಬಾರದು. ಎಡಗೈ ಚಾಚಿದರೆ ಕ್ಲಾರಿನೆಟ್, ಬಲಗೈ ಚಾಚಿದರೆ ಡ್ರಮ್ಮು.

೧೯೩೬ರಲ್ಲಿ ಸ್ಪೇನಿನ ಜನ ತಮ್ಮತಮ್ಮಲ್ಲೇ ಕಡಿದಾಡತೊಡಗಿದರು. ಸಾಹೇಬರು ಹೆಂಡತಿ ಮಕ್ಕಳನ್ನು ಹುಡುಕಿಕೊಂಡು ಹೋದವರು ಮರಳಲಿಲ್ಲ. ಬ್ಯಾಂಡಿನ ಕಾರ್ಯದರ್ಶಿ ಚೆಲುವಯ್ಯನನ್ನು ಕರೆದು, "ಹುಣಸೂರಲ್ಲಿ ಮಹಾರಾಜರ ವರ್ಧಂತಿಗೆ ನೀನೇ ನಡೆಸು. ಸರಿಹೋದರೆ ಕೋಲು ನಿನ್ನದೇ" ಎಂದ.

ಹುಣಸೂರಿನ ಚಪ್ಪರದಲ್ಲಿ ಮಹಾರಾಜರ ಪಟ ಹೂಹಾರ ಹಾಕಿಸಿಕೊಂಡು ಸಭಿಕರ ಮುಂದಿನ ಸಾಲಿನಲ್ಲಿತ್ತು. ಬ್ಯಾಂಡು ಅದರ ಎದುರು. ನಡೆಸುವವನು ಪಟಕ್ಕೆ ಬೆನ್ನು ಹಾಕಲೇಬೇಕು. ಸಾಹೇಬರು ವರ್ಷವರ್ಷವೂ ಹಾಗೇ ನಿಂತಿದ್ದರು. ಬಿಳಿಯರಿಗೆ ಯಾರು ಹೇಳುತ್ತಾರೆ? ಚೆಲುವಯ್ಯನ ಮನೆಯವರೋ, ದೊರೆಯ ಸನ್ನಿಧಿಯಿಂದ ಹಿಂದಡಿಯಿಟ್ಟೇ ಸರಿದು ಬರುತ್ತಿದ್ದವರು.

ಅವನು ಸಮಾರಂಭದ ಉಸ್ತುವಾರಿ ಹೊತ್ತ ತಾಲ್ಲೂಕಿನ ಅಮಲ್ದಾರರಿಗೆ ಕೈಮುಗಿದ. "ಬುದ್ಧೀ, ಪಟವ ವಸಿ ಪಕ್ಕಕ್ಕೆ ಮಡಗುಸ್ತೀರಾ?"

"ದೊರೆಗಳು ಎಲ್ಲಿರಬೇಕು ಅಂತ ನೀನು ಹೇಳ್ತೀಯೇನೋ? ಹೋಗೋ."

"ಬೆನ್ನು ಕೊಟ್ಟೇ ನಿಂತ್ಕೊ ಅಣ್ಣ, ಸಾಯೇಬ್ರು ನಿಂತಿರ್ಲಿಲ್ವಾ?" ಎಂದ ಡ್ರಮ್ಮಿನ ಮಾದೇವ.

"ಅವ್ರು ಸಾಯೇಬ್ರು ಕಣ್ಲಾ. ನಾನು ಅಂಗೆ ನಿಂತ್ರೆ ನಮ್ಮಪ್ಪ ಊರಲ್ಲಿ ತಲೆ ಎತ್ಕಂಡು ತಿರುಗಂಗಿಲ್ಲ."

ಅಯ್ಯೋ ಪುಣ್ಯಾತ್ಮ! ಪಟದತ್ತ ಮುಖ ಮಾಡಿ, ಬ್ಯಾಂಡನ್ನು ಬೆನ್ನಿಗಿಟ್ಟುಕೊಂಡು ಕೋಲೆತ್ತಿದ. ಎದೆಯ ಮುಂದಿನ ಕೈ ಹಿಂದಿದ್ದವರಿಗೆ ಕಂಡರೆ ತಾನೆ? ಮೇಲಾಗಿ ಎಡ ಬಲ ಅದಲುಬದಲು. ಕ್ಲಾರಿನೆಟ್ಟಿಗೆಂದು ಎಡಗೈ ಚಾಚಿದರೆ ಮಾದೇವನ ಡ್ರಮ್ಮು ಗುಡುಗಿತು. ಸ್ವರದ ಹಾಳೆಯ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಅಮಲ್ದಾರರು ಕರವಸ್ತ್ರ ಬಾಯಿಗೊತ್ತಿಕೊಂಡು ನಕ್ಕರು. "ಓಲಗದವರಿಗೆ ಇದೆಲ್ಲ ಎಲ್ಲಿ ಹತ್ತುತ್ತೆ" ಎಂದು ಕಾರ್ಯದರ್ಶಿ ಅವನ ಕೈಯಿಂದ ಕೋಲು ಕಿತ್ತುಕೊಂಡ. ಒಂಬತ್ತು ವರ್ಷದ ವಿದ್ಯೆ, ಕಾಲು ಗಂಟೆಯಲ್ಲಿ ಮಣ್ಣುಪಾಲು.

ಮರುವರ್ಷ ಮದರಾಸಿನಿಂದ ಬಂದ ಹೊಸ ಮಾಸ್ತರ, ಸೂಟುಬೂಟಿನವನು, ಪಟದ ಗಾಜಿನ ಬಿಸಿಲು ವಾದ್ಯಗಾರರ ಕಣ್ಣಿಗೆ ಹೊಡೆಯುತ್ತದೆ ಎಂದ. ಅಷ್ಟೇ. ಅದೇ ಅಮಲ್ದಾರರು ಪಟವನ್ನು ತಾವೇ ಹಿಡಿದು ಬ್ಯಾಂಡಿನ ಹಿಂದಕ್ಕೆ ಸಾಗಿಸಿದರು. ಎರಡನೇ ಸಾಲಿನಲ್ಲಿದ್ದ ಚೆಲುವಯ್ಯ ಕುರ್ಚಿಯನ್ನು ಓರೆ ಮಾಡಿದ. "ಮುಖ ಇತ್ತ" ಎಂದು ಮಾಸ್ತರ ಕೋಲು ಕುಟ್ಟಿದ. ಚೆಲುವಯ್ಯ ದೊರೆಗೆ ಬೆನ್ನು ಕೊಟ್ಟು ಕೂತು, ಒಂದು ಸ್ವರವೂ ತಪ್ಪದೆ ಊದಿದ.

ಮುಗಿದ ಮೇಲೆ ಮಾದೇವ ಹತ್ತಿರ ಬಂದ. "ಯಾರೂ ಏನೂ ಅನ್ನಲಿಲ್ಲ ನೋಡಣ್ಣ."

"ಓದ್ ವರ್ಸ ನಾನು ಬೆನ್ನು ಕೊಟ್ಟಿದ್ರೂ ಯಾರೂ ಅಂತಿರ್ಲಿಲ್ಲ ಕಣ್ಲಾ" ಎಂದ ಚೆಲುವಯ್ಯ. "ಅದೇ ನಂಗೆ ಸಂಕ್ಟ."