ಅಜ್ಜಿ ಸ್ವಲ್ಪ ದಿನ ಸುಮ್ಮನಿರಲಿ ಎಂದೆ

ನಿಮ್ಮ ಮನೆಯಲ್ಲಿ ಕನ್ನಡ ನಿಲ್ಲಿಸಿದ್ದು ನಾನು, ಮೇಘನಾ. ನಿನ್ನ ಒಳ್ಳೆಯದಕ್ಕೆಂದು ನಿಲ್ಲಿಸಲಿಲ್ಲ. ನನ್ನ ಪಿಎಚ್‌ಡಿಗೆ ಅಂಥದೊಂದು ಮನೆ ಬೇಕಿತ್ತು — ಹೇಳಬೇಕಾದದ್ದು ಇಷ್ಟೇ. ಇದನ್ನು ಹೇಳುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ. ಏನೂ ಆಗುತ್ತಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಮೇಲೆ ಒಸಡು ಇರುತ್ತದಲ್ಲ, ಹಾಗಿದ್ದೇನೆ.

ಅದನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ ನೋಡು — ನಿನಗೆ ಓದಲು ಬಾರದ ಭಾಷೆಯಲ್ಲಿ. ಇದೂ ಹೇಡಿತನವೇ. ಆದರೆ ನೇರವಾಗಿ ಹಿಂದಿಯಲ್ಲಿ ಹೇಳಹೊರಟರೆ ಉಪನ್ಯಾಸ ಶುರುಮಾಡಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಮೊದಲು ಒಂದು ಸಲ ಸುಳ್ಳು ಬೆರೆಸದೆ ಹೇಳಲು ಆಗುತ್ತದೆಯೇ ನೋಡಬೇಕು.

ಆಗ ನೀವು ದೆಹಲಿಯ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿದ್ದಿರಿ. ನಿನ್ನ ಅಪ್ಪ ಮಿನಿಸ್ಟ್ರಿಯೊಂದರಲ್ಲಿ ಗುಮಾಸ್ತರು. ಅದೇ ಬ್ಲಾಕಿನ ಮೇಲಿನ ಮಹಡಿಯಲ್ಲಿ ನನ್ನ ಅಣ್ಣನ ಮನೆ. ನಾನು ಅಲ್ಲಿದ್ದುಕೊಂಡು ಸಂಶೋಧನೆ ಮಾಡುತ್ತಿದ್ದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಇರುವ ಮಕ್ಕಳು ತರಗತಿಯಲ್ಲಿ ಹೇಗೆ ಮಾತಾಡುತ್ತಾರೆ — ಇದು ವಿಷಯ. ಶಾಲೆಯಲ್ಲೂ ಮನೆಯಲ್ಲೂ ರೆಕಾರ್ಡರ್ ಇಟ್ಟು, ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿ, ಯಾರು ಯಾರಿಗೆ ಏನು ಹೇಳಿದರು, ಯಾರು ಸುಮ್ಮನಿದ್ದರು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ನಿಮ್ಮ ಮನೆಗೂ ಶಾಲೆಗೂ ನಿನ್ನ ಅಮ್ಮ ಶೈಲಜಾಳೇ ದಾರಿ ಮಾಡಿಕೊಟ್ಟಳು. ವಸುಧಕ್ಕ ಭಾಷೆಯ ಬಗ್ಗೆ ಓದುತ್ತಿದ್ದಾರೆ ಎಂದು ಅವಳಿಗೆ ನನ್ನ ಮೇಲೆ ಎಲ್ಲಿಲ್ಲದ ಹೆಮ್ಮೆ.

ನಿನ್ನ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಬಾಲ್ಕನಿಯ ಬಿಸಿಲಿಗೆ ಚಾಪೆ ಹಾಸಿಕೊಂಡು ನೀವಿಬ್ಬರೂ ಬಟಾಣಿ ಸುಲಿಯುತ್ತಿದ್ದಿರಿ. ಕೆಳಗೆ ರಸ್ತೆಯಲ್ಲಿ ಹೋಗುವವರನ್ನು ನೋಡಿ ಅಜ್ಜಿ ಕಥೆ ಕಟ್ಟುವರು. ಆ ದಪ್ಪ ಮನುಷ್ಯ ಹೆಂಡತಿ ಕೈಲಿ ಬೈಸಿಕೊಂಡು ಬಂದಿದ್ದಾನೆ, ಸೊಪ್ಪು ತರೋದು ಮರೆತನಂತೆ — ಎಂದರೆ ನೀನು, ಸೊಪ್ಪಲ್ಲ ಅಜ್ಜಿ, ಹೆಂಡತೀನೇ ಮರೆತು ಬಂದಿದ್ದಾನೆ, ಅನ್ನುತ್ತಿದ್ದೆ. ಆಗ ನಿನಗೆ ನಾಲ್ಕೂವರೆ ವರ್ಷ. ಆಮೇಲೆ ಎಷ್ಟೋ ಮನೆಗಳಲ್ಲಿ ಎಷ್ಟೋ ಮಕ್ಕಳ ಮಾತು ರೆಕಾರ್ಡ್ ಮಾಡಿದ್ದೇನೆ. ಅಂಥ ಮಾತು ಇನ್ನೊಮ್ಮೆ ಸಿಗಲಿಲ್ಲ.

ಶಾಲೆಯಲ್ಲಿ ಮಾತ್ರ ನೀನು ತುಟಿ ಎರಡು ಮಾಡುತ್ತಿರಲಿಲ್ಲ. ಟೀಚರ್ ಶೈಲಜಾಳನ್ನು ಕರೆಸಿ, ಮಗುವಿಗೆ ಏನೋ ತೊಂದರೆ ಇರಬೇಕು, ಡಾಕ್ಟರಿಗೆ ತೋರಿಸಿ ಅಂದರಂತೆ. ಅವಳು ಅಳುತ್ತ ನನ್ನ ಹತ್ತಿರ ಬಂದಳು.

ಹೊಸ ಭಾಷೆಯ ನಡುವೆ ಹೋಗಿ ಕುಳಿತ ಮಗು ಕೆಲವು ತಿಂಗಳು ಸುಮ್ಮನಿರುತ್ತದೆ. ಕೇಳಿಸಿಕೊಳ್ಳುತ್ತಿರುತ್ತದೆ. ತಾನಾಗಿ ಬಾಯಿ ಬಿಡುತ್ತದೆ. ಇದು ನನಗೆ ಗೊತ್ತಿತ್ತು. ಓದಿದ್ದಷ್ಟೇ ಅಲ್ಲ — ನೀನು ಆಗಲೇ ಬಾಯಿ ಬಿಟ್ಟಿದ್ದೆ. ಹಿಂದಿನ ವಾರದ ರೆಕಾರ್ಡಿಂಗಿನಲ್ಲಿ, ತರಗತಿಯ ಗಲಾಟೆಯ ಮಧ್ಯೆ, ನನ್ನ ರಬ್ಬರ್ ಕೊಡೇ ಎಂದು ಪಕ್ಕದ ಹುಡುಗಿಗೆ ನೀನು ಮೆಲ್ಲಗೆ ಹಿಂದಿಯಲ್ಲಿ ಹೇಳಿದ್ದೆ: "ಮೇರಾ ರಬರ್ ದೇ." ನನ್ನ ಕಿವಿಯಾರೆ ಕೇಳಿದ್ದೆ. ಟೀಚರಿಗೆ ಕೇಳಿಸಿರಲಿಲ್ಲ. ಆ ಒಂದು ಮಾತನ್ನು ಶೈಲಜಾಗೆ ಹೇಳಿದ್ದರೆ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದಳು. ಅಜ್ಜಿಗೂ ಹೇಳಿ ನಗುತ್ತಿದ್ದಳು.

ನಾನು ಹೇಳಲಿಲ್ಲ. ಯಾಕೆಂದರೆ — ನನ್ನ ಗೈಡ್ ಒಂದೇ ಸಮನೆ ಗೊಣಗುತ್ತಿದ್ದರು. ಮನೆಮಾತು ಉಳಿಸಿಕೊಂಡ ಮನೆಗಳಿವೆ, ಎಂದೋ ಬಿಟ್ಟ ಮನೆಗಳಿವೆ, ಈಗ ಬಿಡುತ್ತಿರುವ ಮನೆ ಒಂದೂ ಇಲ್ಲವಲ್ಲ ನಿಮ್ಮ ಹತ್ತಿರ, ಅದಿಲ್ಲದೆ ಪ್ರಬಂಧ ಹೇಗೆ ನಿಲ್ಲುತ್ತದೆ ಎಂದು. ಹುಡುಕಿ ಹುಡುಕಿ ಸಾಕಾಗಿತ್ತು. ಈಗ ಶೈಲಜಾ ನನ್ನ ಎದುರು ಕುಳಿತು, ಏನು ಮಾಡಲಿ ಅಕ್ಕ, ನೀವು ಹೇಳಿದ ಹಾಗೆ ಮಾಡ್ತೀನಿ ಅನ್ನುತ್ತಿದ್ದಾಳೆ. ಮೊದಲು ಹೇಗಿತ್ತು ಅನ್ನುವುದರ ರೆಕಾರ್ಡಿಂಗ್ ಆಗಲೇ ನನ್ನ ಹತ್ತಿರ ಇದೆ. ಇನ್ನು ಬೇಕಾದದ್ದು ಆಮೇಲಿನದು.

"ಒಂದು ವರ್ಷ ಮನೇಲಿ ಕನ್ನಡ ನಿಲ್ಲಿಸಿಬಿಡಿ ಶೈಲಜಾ. ಹಿಂದೀಲೇ ಮಾತಾಡಿ," ಅಂದೆ.

"ಅತ್ತೆಗೆ ಹಿಂದಿ ಬರಲ್ವಲ್ಲ ಅಕ್ಕ?"

"ಅವರು ಸ್ವಲ್ಪ ದಿನ ಸುಮ್ಮನಿರಲಿ."

ಚಹಾಕ್ಕೆ ಸಕ್ಕರೆ ಎಷ್ಟು ಎಂದು ಹೇಳುವ ಹಾಗೆ ಹೇಳಿದೆ. ಶೈಲಜಾ ಕಣ್ಣು ಮುಚ್ಚಿಕೊಂಡು ನಂಬಿದಳು.

ಆಮೇಲೆ ವಾರವಾರವೂ ನಿಮ್ಮ ಮನೆಗೆ ಬಂದೆ. ರೆಕಾರ್ಡರ್ ಟೇಬಲ್ಲಿನ ಮೇಲಿಟ್ಟು, ನಿನ್ನ ಅಮ್ಮ ಕೊಟ್ಟ ಚಹಾ ಕುಡಿದೆ. ಅಜ್ಜಿ ನಿನ್ನನ್ನು ಕರೆದರೆ ಶೈಲಜಾ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಮೊದಮೊದಲು ಅಜ್ಜಿ ನಕ್ಕು, ಅಯ್ಯೋ ಮರೆತೇಹೋಯ್ತು ಕಣೇ ಅನ್ನುತ್ತಿದ್ದರು. ಬರಬರುತ್ತ ನಗುವುದನ್ನು ಬಿಟ್ಟರು. ನೀನು ಕನ್ನಡದಲ್ಲಿ ಏನಾದರೂ ಕೇಳಿದರೂ ಗಾಬರಿಯಿಂದ ಸೊಸೆಯ ಮುಖ ನೋಡಿ, "ಅಚ್ಛಾ, ಅಚ್ಛಾ" ಎಂದು ಅಡುಗೆಮನೆಗೆ ಹೋಗುತ್ತಿದ್ದರು. ಒಂದು ದಿನ ಬಾಲ್ಕನಿಯಲ್ಲಿ ನಿಂತು ಕೆಳಗಿದ್ದ ತರಕಾರಿ ಭಯ್ಯಾನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವನು ಹಿಂದಿಯಲ್ಲಿ ಕ್ರಯ ಹೇಳುತ್ತಿದ್ದ. ಇವರು ಬೇರೇನೋ ಹೇಳುತ್ತಿದ್ದರು — ಮೊಣಕಾಲು ನೋವು, ಊರಿನ ಬಾವಿ. ನಾನು ರೆಕಾರ್ಡರ್ ತಂದು ಬಾಲ್ಕನಿಯ ಬಾಗಿಲ ಹತ್ತಿರ ಇಟ್ಟೆ. ಅದಷ್ಟೇ ನನಗೆ ತೋಚಿದ್ದು.

ಒಂದು ವರ್ಷ ಅಂದಿದ್ದೆನಲ್ಲ. ವರ್ಷ ಕಳೆದ ಮೇಲೆ ಮತ್ತೆ ಶುರುಮಾಡಿ ಎಂದು ಹೇಳಲು ನಾನು ಬರಲಿಲ್ಲ. ನನ್ನ ಕೆಲಸ ಮುಗಿದಿತ್ತು. ಪ್ರಬಂಧದಲ್ಲಿ, ಈ ಕುಟುಂಬ ಸ್ವಂತ ಇಚ್ಛೆಯಿಂದ ಭಾಷೆ ಬದಲಿಸಿತು ಎಂದು ಬರೆದೆ. ಆ ಅಧ್ಯಾಯವನ್ನೇ ಎಲ್ಲರೂ ಮೆಚ್ಚಿದರು. ಅದರಿಂದಲೇ ನನಗೆ ಕಾಲೇಜಿನ ಈ ಕೆಲಸ ಸಿಕ್ಕಿತು. ನೀನು ಶಾಲೆಯಲ್ಲಿ ಪಟಪಟ ಮಾತಾಡತೊಡಗಿದೆ — ಹೇಗೂ ಮಾತಾಡುತ್ತಿದ್ದೆ. ಶೈಲಜಾ ಅದು ನನ್ನಿಂದಲೇ ಆದದ್ದು ಎಂದುಕೊಂಡಳು. ನಾನು ಪೀತಮ್‌ಪುರಕ್ಕೆ ಬಂದ ಮೇಲೂ ಪ್ರತಿ ಯುಗಾದಿಗೆ ಹೋಳಿಗೆ ಕಳಿಸುತ್ತಾಳೆ. ತಿನ್ನುತ್ತೇನೆ. ಚೆನ್ನಾಗಿಯೇ ಇರುತ್ತದೆ.

ಹೀಗೇ ಇದ್ದುಬಿಡುತ್ತಿದ್ದೆನೇನೋ. ಹೋದ ವಾರ ನೀನು ಬಂದೆ. ಓಖ್ಲಾದಲ್ಲಿ ಗಾರ್ಮೆಂಟ್ ಕೆಲಸದವರ ಮಕ್ಕಳಿಗೆ ಪಾಠ ಹೇಳುವ ಪುಟ್ಟ ಶಾಲೆಯಲ್ಲಿ ನೀನೀಗ ಟೀಚರ್. ನಿನ್ನ ತರಗತಿಯಲ್ಲಿ ಒಡಿಶಾದ ಕಡೆಯ ಒಂದು ಹೆಣ್ಣುಮಗು ಮಾತೇ ಆಡುವುದಿಲ್ಲವಂತೆ. ಅದರ ತಾಯಿ, ಮನೆಯಲ್ಲಿ ಯಾವ ಭಾಷೆ ಆಡಲಿ ಎಂದು ನಿನ್ನನ್ನು ಕೇಳಿದ್ದಾಳೆ. ನೀನು ಬಲು ಖುಷಿಯಲ್ಲಿದ್ದೆ. ಮಮ್ಮಿ ಎಲ್ಲ ಹೇಳಿದ್ದಾರೆ ಆಂಟಿ, ನೀವು ಹಿಂದಿ ಅಂದಿದ್ದಕ್ಕೇ ನಾನು ಹೀಗಾದೆ, ಶನಿವಾರ ಆ ತಾಯಿಗೂ ಅದನ್ನೇ ಹೇಳುತ್ತೇನೆ, ನನ್ನನ್ನೇ ಉದಾಹರಣೆ ಕೊಡುತ್ತೇನೆ — ಎಂದೆ, ಹಿಂದಿಯಲ್ಲಿ. ಆ ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ನಾನು ಕೇಳಿದೆ. ಒಬ್ಬ ಅಜ್ಜಿ ಇದ್ದಾರೆ, ಮಗುವನ್ನು ನೋಡಿಕೊಳ್ಳುವುದು ಅವರೇ, ಎಂದೆ ನೀನು.

ಯೋಚಿಸಿ ಹೇಳುತ್ತೇನೆ ಅಂದುಬಿಟ್ಟೆ. ನಿನ್ನೆ ನಾನೇ ಫೋನ್ ಮಾಡಿ, ಆ ತಾಯಿಗೆ ಏನನ್ನೂ ನಿಲ್ಲಿಸಬೇಡಿ ಎಂದು ಹೇಳು, ಅಜ್ಜಿ ಬೇಕಾದಷ್ಟು ಮಾತಾಡಲಿ, ಮಗು ತಾನಾಗಿ ಬಾಯಿ ಬಿಡುತ್ತದೆ ಎಂದೆ. ನೀನು ಕೇಳಿದೆ:

"ತೋ ಫಿರ್ ಹಮಾರೇ ಘರ್ ಮೇಂ ಕ್ಯೂಂ ಬಂದ್ ಕರವಾಯಾ, ಆಂಟಿ?"

ಮತ್ತೆ ನಮ್ಮ ಮನೆಯಲ್ಲಿ ಯಾಕೆ ನಿಲ್ಲಿಸಿದಿರಿ — ಅಷ್ಟೇ ಕೇಳಿದೆ. ದನಿಯಲ್ಲಿ ಸಿಟ್ಟಿರಲಿಲ್ಲ. ಭಾನುವಾರ ಮನೆಗೆ ಬಾ ಎಂದೆ.

ಭಾನುವಾರ ಇಷ್ಟನ್ನೂ ಹೇಳುತ್ತೇನೆ. ಆಮೇಲೆ ಶೈಲಜಾಗೂ. ಆದರೆ ನೀನು ಕೇಳದೇ ಇರುವುದು ಇನ್ನೊಂದಿದೆ. ಅದು ನಿನ್ನ ಅಮ್ಮನಿಗೂ ಗೊತ್ತಿಲ್ಲ. ಗೊತ್ತಿದ್ದವರು ಇಬ್ಬರೇ — ಅವರಲ್ಲಿ ಈಗ ನಾನೊಬ್ಬಳು ಉಳಿದಿದ್ದೇನೆ.

ಅಜ್ಜಿ ಆಸ್ಪತ್ರೆಯಲ್ಲಿದ್ದ ಕೊನೆಯ ದಿನಗಳು. ನಿನಗೆ ಹತ್ತು ವರ್ಷವಿರಬೇಕು. ನಿನ್ನ ಕನ್ನಡ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ನೋಡಲು ಬಂದಿದ್ದ ನನ್ನನ್ನು ಮಂಚದ ಪಕ್ಕ ಕೂರಿಸಿ ಶೈಲಜಾ ಔಷಧಿ ತರಲು ಕೆಳಗೆ ಹೋಗಿದ್ದಳು. ನೀನು ಸ್ಕೂಲ್ ಯೂನಿಫಾರ್ಮಿನಲ್ಲೇ ನಿಂತಿದ್ದೆ. ಅಜ್ಜಿ ನಿನ್ನ ಕೈ ಹಿಡಿದುಕೊಂಡು ನಿನ್ನನ್ನೇ ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿದರು.

"ಮಗೂಗೆ ನನ್ನ ಮೇಲೆ ಕೋಪ ಇದೆಯಾ ಕೇಳಮ್ಮ. ಆವಾಗಿಂದ ನನ್ನ ಹತ್ರ ಮಾತೇ ಆಡಲ್ಲ."

ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ನೀನು ನನ್ನನ್ನು ಕೇಳಿದೆ. ಚೆನ್ನಾಗಿ ಓದುತ್ತಿದ್ದೀಯಾ ಎಂದು ಕೇಳುತ್ತಿದ್ದಾರೆ, ಅಂದೆ. ಇಂಗ್ಲಿಷಿನಲ್ಲಿ ಹೇಳಿದೆ — ಹಿಂದಿಯಾದರೆ ಅಜ್ಜಿಗೆ ಅಲ್ಲೊಂದು ಇಲ್ಲೊಂದು ಪದ ತಿಳಿದೀತು ಎಂದು. ಅಷ್ಟೊಂದು ಯೋಚನೆ ಆ ಕ್ಷಣದಲ್ಲಿ ನನಗಿತ್ತು.

ನೀನು ನಕ್ಕು, ಹೌದು ಎಂದು ಜೋರಾಗಿ ತಲೆಯಾಡಿಸಿದೆ. ಅಜ್ಜಿ ಅದನ್ನು ನೋಡಿದರು. ಕೋಪ ಇದೆಯಂತೆ ಎಂದುಕೊಂಡು, ನಿನ್ನ ಕೈ ಬಿಟ್ಟು, ಗೋಡೆಯ ಕಡೆ ಹೊರಳಿಕೊಂಡರು. ಇಲ್ಲ, ಅದು ಹಾಗಲ್ಲ ಎಂದು ಕನ್ನಡದಲ್ಲಿ ಹೇಳಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಹೇಳಲಿಲ್ಲ.